ಹಾರ್ಡ್ ಸ್ಟಾರ್ಟ್ ಕಿಟ್: ಹಾಕಿಸುವ ಮುನ್ನ ಅಳೆದು ನೋಡಿ

ಬೇಸಿಗೆಯ ಮಧ್ಯಾಹ್ನ ವೋಲ್ಟೇಜ್ ಇಳಿದಾಗ ಎಸಿಯ ಔಟ್‌ಡೋರ್ ಯೂನಿಟ್ ಕೆಲವು ಸೆಕೆಂಡ್ ಗುಂಯ್‌ಗುಟ್ಟಿ, ಟಕ್ಕೆಂದು ನಿಂತುಬಿಡುತ್ತದೆಯೇ? ಕಂಪ್ರೆಸರ್ ಸ್ಟಾರ್ಟ್ ಆಗಲು ತಿಣುಕುತ್ತಿದೆ. ‘ಹಾರ್ಡ್ ಸ್ಟಾರ್ಟ್ ಕಿಟ್ ಹಾಕಿಬಿಡೋಣ ಸರ್’ ಎಂದು ಮೆಕ್ಯಾನಿಕ್ ಹೇಳಬಹುದು. ಕಂಪ್ರೆಸರ್ ಸ್ಟಾರ್ಟ್ ಆಗಲು ನೆರವಾಗುವ ಸ್ಟಾರ್ಟ್ ಕೆಪಾಸಿಟರ್, ಓಡತೊಡಗಿದ ಮೇಲೆ ಅದನ್ನು ಕಳಚುವ ಭಾಗ ಸೇರಿದ್ದೇ ಈ ಕಿಟ್. ಒಪ್ಪುವ ಮುನ್ನ ಈ ಕ್ರಮದಲ್ಲಿ ಪರೀಕ್ಷೆ ಮಾಡಿಸಿ.

1. ಎಸಿ ಯಾವ ಬಗೆಯದು?
ಇನ್ವರ್ಟರ್ ಎಸಿಗೆ ಈ ಕಿಟ್ ಬೇಡವೇ ಬೇಡ. ಅದರ ಕಂಪ್ರೆಸರ್ ವೇಗವನ್ನು ಎಲೆಕ್ಟ್ರಾನಿಕ್ ಬೋರ್ಡೇ ಮೆಲ್ಲನೆ ಏರಿಸುತ್ತದೆ. ಕಿಟ್ ಇರುವುದು ಸಿಂಗಲ್ ಫೇಸ್‌ನ ನಾನ್ ಇನ್ವರ್ಟರ್ ಎಸಿಗಳಿಗೆ.

2. ರನ್ ಕೆಪಾಸಿಟರ್ ಸರಿ ಇದೆಯೇ?
ಎಸಿಯಲ್ಲೇ ಇರುವ ಈ ಕೆಪಾಸಿಟರ್ ಮೇಲೆ ಮೊದಲ ಅನುಮಾನವಿರಲಿ. 50 ಮೈಕ್ರೋಫ್ಯಾರಡ್, ಶೇ 5ರಷ್ಟು ಹೆಚ್ಚು–ಕಡಿಮೆ ಎಂದು ಬರೆದಿದ್ದರೆ, ಮೀಟರ್ 47.5ಕ್ಕಿಂತ ಕಡಿಮೆ ತೋರಿಸಬಾರದು. ತೋರಿಸಿದರೆ ಕೆಪಾಸಿಟರ್ ಬದಲು ಮಾಡಿಸಿ. ಎಷ್ಟೋ ಸಲ ತೊಂದರೆ ಇಲ್ಲಿಗೇ ಮುಗಿಯುತ್ತದೆ. ಕರೆಂಟ್ ತೆಗೆದ ಮೇಲೂ ಕೆಪಾಸಿಟರ್‌ನಲ್ಲಿ ವಿದ್ಯುತ್ ಉಳಿದಿರುತ್ತದೆ. ನೀವೇ ಕೈಹಾಕಬೇಡಿ.

3. ವೋಲ್ಟೇಜ್ ಎಷ್ಟಿದೆ?
ಸ್ಟಾರ್ಟ್ ಆಗುವ ಕ್ಷಣದಲ್ಲಿ ಯೂನಿಟ್ಟಿನ ಟರ್ಮಿನಲ್‌ನಲ್ಲೇ ಅಳೆಯಿಸಿ. ಮೀಟರ್ ಬೋರ್ಡಿನಲ್ಲಿ 230 ಇದ್ದು ಇಲ್ಲಿ ತೀರಾ ಕುಸಿದರೆ, ಸಣ್ಣ ವೈರು ಅಥವಾ ಸಡಿಲ ಜಾಯಿಂಟ್ ಕಾರಣವಿರಬಹುದು. ಎಸಿ ಆಫ್ ಆದ ಕೂಡಲೇ ಆನ್ ಮಾಡುವುದೂ ತಪ್ಪು. ಒಳಗಿನ ಗ್ಯಾಸ್ ಒತ್ತಡ ಸಮವಾಗಲು ಸುಮಾರು 3 ನಿಮಿಷ ಬೇಕು.

4. ಯಾವ ಕಿಟ್?
ಅಗ್ಗದ ಪಿಟಿಸಿ ಕಿಟ್ ತಾನು ಬಿಸಿಯಾಗಿ ಕರೆಂಟ್ ತಡೆಯುತ್ತದೆ. ಅದು ತಣಿಯುವ ಮೊದಲೇ ಕಂಪ್ರೆಸರ್ ಮತ್ತೆ ಸ್ಟಾರ್ಟ್ ಆಗಬೇಕಾಗಿ ಬಂದರೆ ಕಿಟ್‌ನಿಂದ ನೆರವು ಸಿಗದು. ಪೊಟೆನ್ಷಿಯಲ್ ರಿಲೇ ಇರುವ ಕಿಟ್, ಮೋಟಾರ್ ವೇಗ ಹಿಡಿದದ್ದನ್ನು ಸ್ಟಾರ್ಟ್ ವೈಂಡಿಂಗ್‌ನ ವೋಲ್ಟೇಜ್‌ನಿಂದಲೇ ತಿಳಿದು ಸ್ಟಾರ್ಟ್ ಕೆಪಾಸಿಟರನ್ನು ಕಳಚುತ್ತದೆ. ಹೆಚ್ಚು ನಂಬಬಹುದಾದದ್ದು ಇದೇ. ಆದರೆ ಕೆಪಾಸಿಟರ್, ರಿಲೇ ಎರಡೂ ಕಂಪ್ರೆಸರ್ ಕಂಪನಿ ಹೇಳಿದ ಅಳತೆಯವೇ ಆಗಿರಬೇಕು. ಎಲ್ಲ ಎಸಿಗೂ ಆಗುತ್ತದೆ ಎಂಬ ಮಾತಿಗೆ ಮರುಳಾಗಬೇಡಿ.

5. ಮೊದಲು–ನಂತರ ಅಳೆಯಿರಿ
ಇನ್‌ರಶ್, ಅಂದರೆ ಸ್ಟಾರ್ಟ್ ಆಗುವ ಕ್ಷಣದ ಕರೆಂಟ್, ಅಳೆಯುವ ಸೌಲಭ್ಯವಿರುವ ಕ್ಲ್ಯಾಂಪ್ ಮೀಟರ್ ಬೇಕು. ಕಿಟ್ ಇಲ್ಲದೆ ಒಮ್ಮೆ, ಹಾಕಿದ ಮೇಲೆ ಒಮ್ಮೆ, ಹೆಚ್ಚುಕಡಿಮೆ ಅದೇ ವೋಲ್ಟೇಜ್ ಇರುವಾಗ ಸ್ಟಾರ್ಟ್ ಮಾಡಿ ನೋಡಿ. ಆರಂಭದ ಕರೆಂಟ್ ಓಡುವಾಗಿನದಕ್ಕಿಂತ ಹಲವು ಪಟ್ಟು ಹೆಚ್ಚು. ಕಿಟ್ ಆ ಗರಿಷ್ಠ ಮಟ್ಟವನ್ನು ಹೆಚ್ಚೇನೂ ತಗ್ಗಿಸದಿರಬಹುದು. ಆದರೆ ಆ ಹೆಚ್ಚಿನ ಕರೆಂಟ್ ಉಳಿಯುವ ಹೊತ್ತನ್ನು ಮೊಟಕುಗೊಳಿಸಬೇಕು. ಬಳಿಕ ಕಿಟ್‌ನ ಒಂದು ವೈರಿಗೆ ಮಾತ್ರ ಕ್ಲ್ಯಾಂಪ್ ಹಾಕಿಸಿ. ಕಂಪ್ರೆಸರ್ ಓಡತೊಡಗಿದ ಕೂಡಲೇ ಅಲ್ಲಿನ ಕರೆಂಟ್ ಬಹುತೇಕ ಸೊನ್ನೆಗೆ ಬೀಳಬೇಕು. ಬೀಳದಿದ್ದರೆ ಸ್ಟಾರ್ಟ್ ಕೆಪಾಸಿಟರ್ ಕಳಚಿಲ್ಲ, ವೈಂಡಿಂಗ್ ಸುಟ್ಟುಹೋಗುವ ಅಪಾಯವಿದೆ. ತಕ್ಷಣ ಆಫ್ ಮಾಡಿಸಿ.

ಎಸಿಯನ್ನು ಜನರೇಟರ್ ಮೇಲೆ ಓಡಿಸುವುದಾದರೆ ಗರಿಷ್ಠ ಕರೆಂಟನ್ನೇ ತಗ್ಗಿಸುವ ಸಾಫ್ಟ್ ಸ್ಟಾರ್ಟರ್ ವಿಚಾರಿಸಿ.

ಈ ಕಿಟ್ ಕರೆಂಟ್ ಬಿಲ್ ಇಳಿಸುವುದಿಲ್ಲ, ಒಳಗೇ ಸವೆದ ಕಂಪ್ರೆಸರನ್ನು ಸರಿಪಡಿಸುವುದೂ ಇಲ್ಲ. ವಾರಂಟಿ ಇದ್ದರೆ ಮೊದಲು ಕಂಪನಿಯ ಸರ್ವಿಸ್ ಸೆಂಟರನ್ನು ಕೇಳಿ. ಹಾಕಿಸಿದರೆ, ಎರಡೂ ಸಲದ ರೀಡಿಂಗನ್ನು ಬಿಲ್ಲಿನ ಮೇಲೆ ಬರೆಸಿಕೊಂಡೇ ಹಣ ಕೊಡಿ.