ನಿದ್ರೆ ಮಾತ್ರೆ ಮಿದುಳಿನಲ್ಲಿ ಎಲ್ಲೆಲ್ಲಿ ತಟ್ಟುತ್ತದೆ?

ಮನೆಯ ಹಿರಿಯರಿಗೆ ನಿದ್ರೆ ಬರುತ್ತಿಲ್ಲವೆಂದು ಹಳೆಯ ಚೀಟಿ ತೋರಿಸಿ ಆಲ್‌ಪ್ರಾಜೋಲಮ್, ಡಯಾಜೆಪಾಮ್ ತರುವ ರೂಢಿ ನಿಡೋಣಿ, ಬಬಲೇಶ್ವರದ ಕಡೆಯೂ ಇದೆ. ದಾದಿ ನಿದ್ರಿಸುತ್ತಾರೆ, ನಿಜ. ಆದರೆ ಫಜ್ರ್‌ಗೆ ವುಝೂ ಮಾಡಲು ಎದ್ದಾಗ ತೂರಾಡುತ್ತಾರೆ. ನಿನ್ನೆ ಆಡಿದ ಮಾತು ಮರೆತಿರುತ್ತಾರೆ. ಒಂದೇ ಮಾತ್ರೆ ನಿದ್ರೆ, ನಡಿಗೆ, ನೆನಪು ಮೂರನ್ನೂ ಹೇಗೆ ತಟ್ಟುತ್ತದೆ?

ಮಿದುಳಿನ ಯಾವ ಭಾಗದಲ್ಲಿ ಯಾವ ಶಕ್ತಿ ಇದೆ ಎಂಬ ಪ್ರಶ್ನೆ ನಮ್ಮ ಯುನಾನಿ ವೈದ್ಯಕೀಯಕ್ಕೆ ಹೊಸದಲ್ಲ. ಸಾವಿರ ವರ್ಷಗಳ ಹಿಂದೆಯೇ ಇಬ್ನ್ ಸೀನಾ ಅವರು ಕಲ್ಪನೆಗೆ ಮುಂಭಾಗ, ವಿಚಾರಕ್ಕೆ ಮಧ್ಯಭಾಗ, ನೆನಪಿಗೆ ಹಿಂಭಾಗ ಎಂದು ಸ್ಥಾನ ಹೇಳಿದ್ದರು. ಇಂದಿನ ವಿಜ್ಞಾನದ ನಕ್ಷೆ ಬೇರೆ, ಇನ್ನಷ್ಟು ಸೂಕ್ಷ್ಮ.

ನರಕೋಶಗಳ ಉದ್ರೇಕವನ್ನು ತಣಿಸಲು ಅಲ್ಲಾಹನು ಮಿದುಳಿನಲ್ಲೇ ವ್ಯವಸ್ಥೆ ಇಟ್ಟಿದ್ದಾನೆ. ಅದರ ಮುಖ್ಯ ರಾಸಾಯನಿಕ ‘ಗಾಬಾ’. ಮಿದುಳಿನಲ್ಲಿ ಇದು ಪತ್ತೆಯಾದದ್ದು 1950ರಲ್ಲಿ. ನರಕೋಶದ ಮೇಲಿರುವ ಗ್ರಾಹಕವೆಂಬ ಪುಟ್ಟ ಬಾಗಿಲಿಗೆ ಗಾಬಾ ಅಂಟಿದಾಗ ಬಾಗಿಲು ತೆರೆದು ಕ್ಲೋರೈಡ್ ಒಳಹೋಗುತ್ತದೆ, ಕೋಶ ಶಾಂತವಾಗುತ್ತದೆ. ಪ್ರತಿ ಬಾಗಿಲು 5 ತುಂಡುಗಳಿಂದ ಆಗಿದೆ. ತುಂಡುಗಳಲ್ಲಿ ಹಲವು ಬಗೆ ಇರುವುದರಿಂದ ಬಾಗಿಲಿನಲ್ಲೂ ಹಲವು ಬಗೆ. ಅವು ಇರುವ ಜಾಗವೂ ಬೇರೆ ಬೇರೆ:

• ಆಲ್ಫಾ-1: ಮಿದುಳಿನ ಬಹುಭಾಗದಲ್ಲಿದೆ, ಕಿರುಮಿದುಳಿನಲ್ಲೂ ಹೇರಳ. ಮಾತ್ರೆಯ ಮಂಪರು ಮುಖ್ಯವಾಗಿ ಇದರ ಮೂಲಕ.
• ಆಲ್ಫಾ-2: ಭಯ, ಭಾವನೆಗಳ ಕೇಂದ್ರವಾದ ಅಮಿಗ್ಡಲ ಮುಂತಾದೆಡೆ. ಆತಂಕ ಇಳಿಯುವುದು ಹೆಚ್ಚಾಗಿ ಇಲ್ಲಿಂದ.
• ಆಲ್ಫಾ-5: ನೆನಪು ಕೂಡಿಡುವ ಹಿಪ್ಪೋಕ್ಯಾಂಪಸ್‌ನಲ್ಲಿ ಹೆಚ್ಚು.
• ಆಲ್ಫಾ-6: ಹೆಚ್ಚುಕಡಿಮೆ ಕಿರುಮಿದುಳಿನಲ್ಲಿ ಮಾತ್ರ. ಡಯಾಜೆಪಾಮ್ ಇದನ್ನು ತಟ್ಟುವುದಿಲ್ಲ.

ಡಯಾಜೆಪಾಮ್‌ಗೆ ಮೊದಲ ಮೂರರ ನಡುವೆ ಭೇದವಿಲ್ಲ. ಆದ್ದರಿಂದ ನಿದ್ರೆಯ ಜೊತೆಗೆ ಮರೆವೂ ತೂರಾಟವೂ ಬರುತ್ತವೆ. ವಯಸ್ಸಾದವರಲ್ಲಿ ಔಷಧ ದೇಹದಿಂದ ನಿಧಾನವಾಗಿ ಹೋಗುತ್ತದೆ. ಬಿದ್ದು ಸೊಂಟದ ಮೂಳೆ ಮುರಿದರೆ ಹಾಸಿಗೆ ಹಿಡಿಯುವ ಅಪಾಯವಿದೆ.

ಬೆನ್ನುಹುರಿ ಮತ್ತು ಮಿದುಳುಕಾಂಡದಲ್ಲಿ ಇದೇ ಶಮನದ ಕೆಲಸವನ್ನು ಗ್ಲೈಸೀನ್ ಎಂಬ ಇನ್ನೊಂದು ರಾಸಾಯನಿಕವೂ ಮಾಡುತ್ತದೆ. ನಮ್ಮ ಅಝರಾಕಿ, ಅಂದರೆ ಕಾಸರಕದ ಬೀಜದಲ್ಲಿರುವ ಸ್ಟ್ರಿಕ್ನೀನ್ ಈ ಗ್ಲೈಸೀನ್ ಬಾಗಿಲನ್ನೇ ಮುಚ್ಚುತ್ತದೆ. ಆಗ ಸ್ನಾಯುಗಳಿಗೆ ತಡೆಯಿಲ್ಲದೆ ದೇಹ ಬಿಲ್ಲಿನಂತೆ ಸೆಟೆಯುತ್ತದೆ, ಉಸಿರೇ ನಿಲ್ಲಬಹುದು. ಯುನಾನಿಯಲ್ಲಿ ಅದನ್ನು ಶುದ್ಧೀಕರಿಸದೆ ಬಳಸದಿರುವುದು ಇದಕ್ಕಾಗಿ. ‘ಗಿಡಮೂಲಿಕೆ ತಾನೇ’ ಎಂದು ಕೀಲುನೋವಿಗೆ ಯಾರೂ ಸ್ವತಃ ತಿನ್ನಬಾರದು.

ಇನ್ನು ಅತಿ ಮುಖ್ಯ ಮಾತು. ತಿಂಗಳುಗಟ್ಟಲೆ ಮಾತ್ರೆ ನುಂಗಿದಾಗ ಗ್ರಾಹಕಗಳು ಅದಕ್ಕೆ ಒಗ್ಗಿಕೊಂಡು ಮಂದವಾಗುತ್ತವೆ. ಈ ಲೇಖನ ಓದಿ ಹೆದರಿ ಇಂದೇ ನಿಲ್ಲಿಸಿದರೆ ನಡುಕ, ತೀವ್ರ ಆತಂಕ, ಫಿಟ್ಸ್ ಕೂಡ ಬರಬಹುದು. ಕೊಟ್ಟ ವೈದ್ಯರನ್ನೇ ಕಂಡು, ಅವರು ಹೇಳಿದಂತೆ ವಾರಗಳಲ್ಲಿ ಹಂತಹಂತವಾಗಿ ಇಳಿಸಬೇಕು. ಯುನಾನಿ ಔಷಧ ಜೊತೆಗಿದ್ದರೆ ಅದನ್ನೂ ಅವರಿಗೆ ತಿಳಿಸಿ.

ಈ ಮಾತ್ರೆಗಳು 2014ರಿಂದ ಎಚ್-1 ಪಟ್ಟಿಯಲ್ಲಿವೆ. ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಒಬ್ಬರ ಮಾತ್ರೆ ಇನ್ನೊಬ್ಬರಿಗೆ ಕೊಡಬೇಡಿ, ಮಕ್ಕಳ ಕೈಗೆ ಸಿಗದಂತಿಡಿ.

ನಿದ್ರೆಗೆ ಮೊದಲು ದಿನಚರಿ ತಿದ್ದಿ. ಅಸ್ರ್ ನಂತರ ಚಹಾ ಬಿಡಿ, ಹಗಲು ನಿದ್ರೆ ಅರ್ಧ ಗಂಟೆ ದಾಟದಿರಲಿ. ಇಶಾ ನಂತರ ಅನಗತ್ಯ ಹರಟೆಯನ್ನು ಪ್ರವಾದಿ(ಸ) ಇಷ್ಟಪಡುತ್ತಿರಲಿಲ್ಲ. ಇಂದು ಆ ಹರಟೆ ಮೊಬೈಲ್‌ನಲ್ಲಿದೆ, ಅದನ್ನು ದೂರವಿಡಿ. ಹೀಗೆ ಮಾಡಿಯೂ ವಾರಗಟ್ಟಲೆ ನಿದ್ರೆ ಬಾರದಿದ್ದರೆ ಅದರ ಹಿಂದೆ ನೋವು, ಖಿನ್ನತೆ, ಥೈರಾಯ್ಡ್ ಇರಬಹುದು, ಪರೀಕ್ಷೆ ಮಾಡಿಸಿ. ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಉಚಿತ ಸಲಹೆ ಸಿಗುತ್ತದೆ.