ಹೊಳೆಯ ಸಾಕ್ಷಿಗಳು: ಮೀನು ಮತ್ತು ನೀರಹುಳು

ರಜೆಯ ದಿನ ಗಾಳ ಹಿಡಿದು ನೀರಿನ ಬಳಿಗೆ ಹೋಗುವ ಮಿತ್ರರು ನಮ್ಮ ವಾಚಕರಲ್ಲಿ ಉಂಟು. ಸಿಕ್ಕ ಮೀನು ಯಾವುದು, ಅದು ಬದುಕಿದ ನೀರು ಎಂಥದು ಎಂಬುದನ್ನು ತಿಳಿದಿದ್ದರೆ ಮನೆಮಂದಿಯ ಆರೋಗ್ಯಕ್ಕೆ ಒಳಿತು. ಈ ಸಲದ ಪಾಠ ಅದೇ.

ಮೂಸಿ ನದಿ ಅನಂತಗಿರಿ ಗುಡ್ಡಗಳಲ್ಲಿ ಹುಟ್ಟಿ, ಹೈದರಾಬಾದನ್ನು ಹಾದು, ವಾಡಪಲ್ಲಿಯ ಬಳಿ ನಮ್ಮ ಕೃಷ್ಣೆಯನ್ನೇ ಸೇರುತ್ತದೆ. 1908ರ ಮಹಾಪೂರದ ತರುವಾಯ ಮೂಸಿಗೆ ಗಂಡಿಪೇಟೆಯ ಉಸ್ಮಾನ್ ಸಾಗರವನ್ನೂ (1920), ಈಸಿಗೆ ಹಿಮಾಯತ್ ಸಾಗರವನ್ನೂ (1927) ಕಟ್ಟಿದರು. ಈ ಸಾಗರಗಳ ಮೇಲಣ ಹೊಳೆಯ ನೀರು ಬೇರೆ, ಊರಿನ ಚರಂಡಿ ಕೂಡಿದ ಕೆಳಗಣ ನೀರು ಬೇರೆ.

ಮೊದಲು ಮೀನು. ನೀಲಗಿರಿಯ ಹೊಳೆಗಳಿಗೆ ಪರದೇಶದಿಂದ ತಂದ ಟ್ರೌಟ್ ತಣ್ಣೀರಿನ ಜೀವಿ. ಈ ಬಿಸಿಲ ಸೀಮೆಯಲ್ಲಿ ಅದು ಬಾಳದು. ಇಲ್ಲಿ ಸಿಗುವ ಕಾಟ್ಲಾ ಮೀನಿಗೆ ತಲೆ ದೊಡ್ಡದು, ಬಾಯಿ ಮೇಲ್ಮೊಗ; ಅದು ಮೇಲ್ನೀರಿನಲ್ಲಿ ಮೇಯುತ್ತದೆ. ರೋಹು ಮೀನಿಗೆ ತಲೆ ಚಿಕ್ಕದು, ತುಟಿಗೆ ಜಾಲರಿಯಂಥ ಅಂಚು. ಅದರ ಮೇವು ನಡುನೀರಿನಲ್ಲಿ. ಹಾವಿನ ತಲೆಯ, ಬೆನ್ನುದ್ದಕ್ಕೂ ಈಜುರೆಕ್ಕೆಯುಳ್ಳ ಮೀನು ಕೊರವ. ತೆಲುಗರು ಕೊರ್ರಮೀನು ಎನ್ನುವ ಇದು ತೆಲಂಗಾಣದ ರಾಜ್ಯ ಮೀನು.

ಕೊರವ ಆಗಾಗ ಮೇಲೆ ಬಂದು ಗಾಳಿಯನ್ನೇ ನುಂಗಿ ಉಸಿರಾಡುತ್ತದೆ. ಆದ್ದರಿಂದ ಕೆಟ್ಟ ನೀರಿನಲ್ಲಿಯೂ ಬದುಕಬಲ್ಲುದು. ಮೀನು ಜೀವಂತವಾಗಿದೆ ಎಂದ ಮಾತ್ರಕ್ಕೆ ನೀರು ಚೊಕ್ಕಟವೆನ್ನಲಾಗದು.

ಹಾಗಾದರೆ ಸಾಕ್ಷಿ ಯಾರು? ನೀರಹುಳುಗಳು. ಹರಿಯುವ ನೀರಿನೊಳಗಿನ ಕಲ್ಲೊಂದನ್ನು ಎತ್ತಿ, ಅದರ ಅಡಿಯನ್ನು ಬಿಳಿ ತಟ್ಟೆಯ ನೀರಿನಲ್ಲಿ ತೊಳೆಯಿರಿ. ಸಾಮಾನ್ಯವಾಗಿ ಮೂರೆಳೆ ಬಾಲವೂ ಹೊಟ್ಟೆಯ ಪಕ್ಕದಲ್ಲಿ ಗರಿಯಂಥ ಕಿವಿರೂ ಇರುವುದು ಮೇಫ್ಲೈ ಮರಿ. ಮರಳ ಕಣ ಅಂಟಿಸಿಕೊಂಡು ಕೊಳವೆಯಂಥ ಗೂಡಿನಲ್ಲಿರುವುದು ಕ್ಯಾಡಿಸ್ ಮರಿ. ಇಂಥವು ಹಲವು ಬಗೆಯವು ಕಂಡರೆ ನೀರಿನಲ್ಲಿ ಆಮ್ಲಜನಕ ಸಾಕಷ್ಟಿದೆ ಎಂದರ್ಥ. ಇವೊಂದೂ ಇಲ್ಲದೆ, ಕೆಸರಿನಲ್ಲಿ ದಾರದಂಥ ಕೆಂಪು ಹುಳುಗಳೇ ತುಂಬಿದ್ದರೆ ಕೊಳೆ ಹೆಚ್ಚಿದೆ ಎಂದು ತಿಳಿಯಬೇಕು. ನಮ್ಮ ನೆತ್ತರಿನಲ್ಲಿರುವಂತೆ ಆ ಹುಳುವಿನ ಮೈಯಲ್ಲಿಯೂ ಹಿಮೋಗ್ಲೋಬಿನ್ ಉಂಟು. ಆಮ್ಲಜನಕ ಕಡಿಮೆಯಾದ ಕಡೆ ಅದು ಬಾಳುವುದು ಇದರ ಬಲದಿಂದಲೇ.

ಒಂದು ಎಚ್ಚರಿಕೆ. ಒಳ್ಳೆಯ ಹುಳು ಕಂಡಿತೆಂದು ಆ ನೀರನ್ನು ಕುಡಿಯಬಾರದು. ರೋಗಾಣು ಕಣ್ಣಿಗೆ ಕಾಣದು. ಕೆಂಪು ಹುಳುಗಳೇ ತುಂಬಿದ ಕಡೆಯ ಮೀನನ್ನು ಮನೆಗೆ ತರಬಾರದು. ಬೇಯಿಸಿದರೆ ರೋಗಾಣು ಸತ್ತೀತು. ಕಾರ್ಖಾನೆಯ ಲೋಹವಿಷ ಮಾತ್ರ ಒಲೆಗೆ ಹೆದರುವುದಿಲ್ಲ.

ನೋಡಿಯಾದ ಮೇಲೆ ಹುಳುವನ್ನು ನೀರಿಗೆ ಬಿಟ್ಟು, ಕಲ್ಲನ್ನು ಇದ್ದಲ್ಲಿಯೇ ಇಡೋಣ. ಅದು ಅವುಗಳ ಮನೆ.