ವ್ಯಾಯಾಮ, ಮಾತ್ಸರ್ಯ ಮತ್ತು ಮನಃಪ್ರಸಾದ

ಆರಾಧನೆಯ ದಿನ ತೀರ್ಥಪ್ರಸಾದಕ್ಕೆ ಪಂಕ್ತಿಯಲ್ಲಿ ಕುಳಿತಾಗ ನಮ್ಮ ಮಾತು ಎತ್ತ ಹೊರಳುತ್ತದೆಂಬುದನ್ನು ನಾವೆಲ್ಲರೂ ಬಲ್ಲೆವು. ಒಬ್ಬರ ಮಗ ಅಮೆರಿಕದಲ್ಲಿ, ಮತ್ತೊಬ್ಬರಿಗೆ ಬಸವೇಶ್ವರನಗರದಲ್ಲಿ ಸ್ವಂತ ಮನೆ, ಇನ್ನೊಬ್ಬರ ಮಗಳಿಗೆ ವೈದ್ಯಕೀಯ ಸೀಟು. ಮನೆಗೆ ಮರಳುವಾಗ ಮನಸ್ಸಿನಲ್ಲಿ ಉಳಿಯುವುದು ಪ್ರವಚನವಲ್ಲ, ಈ ಪಟ್ಟಿ. ಉಳಿದುದನ್ನು ಕೈಯಲ್ಲಿರುವ ಮೊಬೈಲು ರಾತ್ರಿಯಿಡೀ ತೋರಿಸುತ್ತದೆ. ಹೀಗೆ ಕೊರಗಿ ನಿದ್ರೆಗೆಟ್ಟ ತಾಯಂದಿರನ್ನೂ, ಹೋಲಿಕೆಯ ಮಾತಿಗೆ ಹೆದರಿ ಮಂಗಳಕಾರ್ಯಗಳಿಗೇ ಬಾರದಾದ ಯುವಕರನ್ನೂ ನಾವು ಕಂಡಿದ್ದೇವೆ.

ಅರಿಷಡ್ವರ್ಗದಲ್ಲಿ ಮಾತ್ಸರ್ಯವನ್ನು ಕೊನೆಗೆ ಎಣಿಸಿದರೂ ಬಿಡಿಸಿಕೊಳ್ಳಲು ಅದೇ ಕಠಿಣ. ಜೀವಜೀವರಲ್ಲಿ ಭೇದವುಂಟು, ಸ್ವರೂಪಯೋಗ್ಯತೆ ಒಬ್ಬೊಬ್ಬರಿಗೆ ಬೇರೆ ಎಂಬುದು ನಮ್ಮ ಸಿದ್ಧಾಂತ. ಹೀಗಿರಲು ಒಬ್ಬರ ಬಾಳನ್ನು ಮತ್ತೊಬ್ಬರ ಅಳತೆಗೋಲಿನಿಂದ ಅಳೆಯುವುದು ಅಯುಕ್ತ. ತಾರತಮ್ಯವನ್ನು ತಿಳಿಯಬೇಕಾದುದು ಹರಿಯ ಸರ್ವೋತ್ತಮತ್ವವನ್ನರಿತು ಉತ್ತಮರಲ್ಲಿ ಭಕ್ತಿ ತಾಳಲಿಕ್ಕೆ. ಸಂಬಳ, ಸೈಟುಗಳನ್ನು ತೂಗಲಿಕ್ಕಲ್ಲ.

ಆದರೆ ತತ್ತ್ವವನ್ನು ಕೇಳಿದ ಮಾತ್ರಕ್ಕೆ ಮನಸ್ಸು ಶಾಂತವಾಗದು, ದೇಹವೂ ಸಹಕರಿಸಬೇಕು. ಶ್ರೀಮದಾಚಾರ್ಯರು ಬಾಲ್ಯದಲ್ಲಿ ಆಟೋಟಗಳಲ್ಲಿ ಒಡನಾಡಿಗಳನ್ನು ಮೀರಿಸಿದುದನ್ನು ಶ್ರೀನಾರಾಯಣ ಪಂಡಿತಾಚಾರ್ಯರು ಸುಮಧ್ವವಿಜಯದಲ್ಲಿ ವರ್ಣಿಸಿದ್ದಾರೆ. ಅವರು ಒಂದೇ ಕೈಯಿಂದ ತಂದಿರಿಸಿದರೆನ್ನುವ ಹೆಬ್ಬಂಡೆಯನ್ನು ಕಳಸದ ಬಳಿ ಭದ್ರಾನದಿಯ ಅಂಬುತೀರ್ಥದಲ್ಲಿ ಯಾತ್ರಿಕರು ಇಂದಿಗೂ ದರ್ಶಿಸುತ್ತಾರೆ. ಹನುಮ, ಭೀಮ, ಮಧ್ವರನ್ನು ಆರಾಧಿಸುವ ನಾವು ದೇಹಬಲವನ್ನು ಕೀಳೆಂದು ಕಾಣಲಾಗದು.

ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ತಿಳಿಸಿದೆ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ ಬಿರುಸಾಗಿ ನಡೆದರೆ 150 ನಿಮಿಷವಾಯಿತು. ನಿಯಮಿತ ವ್ಯಾಯಾಮದಿಂದ ಖಿನ್ನತೆ, ಆತಂಕಗಳು ತಗ್ಗುತ್ತವೆ, ನಿದ್ರೆ ಸುಧಾರಿಸುತ್ತದೆ ಎಂಬುದು ವೈದ್ಯಶಾಸ್ತ್ರ ಒಪ್ಪಿದ ಮಾತು. ನಿದ್ರೆ ಬಂದವನಿಗೆ ನೆರೆಯವನ ಏಳಿಗೆ ಅಷ್ಟಾಗಿ ಚುಚ್ಚದು. ರಾಜಾಜಿನಗರವಾಗಲಿ, ವಿಜಯನಗರ, ಕೆಂಗೇರಿಗಳಾಗಲಿ, ಧನುರ್ಮಾಸದಲ್ಲಿ ನಸುಕಿಗೇ ಎದ್ದು ದೇವಸ್ಥಾನಕ್ಕೆ ನಡೆದು ಬರುವವರಿಗೆ ಈ ಅಭ್ಯಾಸ ಹೊಸದಲ್ಲ. ಆ ಒಂದು ತಿಂಗಳ ನಡಿಗೆಯನ್ನು ವರ್ಷವಿಡೀ ಉಳಿಸಿಕೊಂಡರೆ ಸಾಕು. ಪ್ರದಕ್ಷಿಣೆ, ನಮಸ್ಕಾರಗಳೂ ದೇಹಕ್ಕೆ ಹಿತವೇ. ಆದರೆ ಅವುಗಳ ಮುಖ್ಯಫಲ ಭಗವತ್ಪ್ರೀತಿ ಎಂಬುದನ್ನು ಮರೆಯಬಾರದು.

ಇಲ್ಲಿಯೂ ಒಂದು ಎಚ್ಚರಿಕೆ ಬೇಕು. ಯಾರು ಎಷ್ಟು ಸಾವಿರ ಹೆಜ್ಜೆ ನಡೆದರೆಂದು ಲೆಕ್ಕ ಹೋಲಿಸತೊಡಗಿದರೆ ಬಿಟ್ಟ ರೋಗವನ್ನೇ ಮರಳಿ ಕರೆದಂತಾಗುತ್ತದೆ. ನಿನ್ನೆಯ ನಮ್ಮೊಡನೆ ಇಂದಿನ ನಮ್ಮನ್ನು ಹೋಲಿಸಿಕೊಳ್ಳೋಣ. ಹೃದ್ರೋಗ, ಮಂಡಿನೋವು ಉಳ್ಳವರು ವೈದ್ಯರನ್ನು ಕೇಳಿಯೇ ಆರಂಭಿಸತಕ್ಕದ್ದು. ಕೊರಗು ವಾರಗಟ್ಟಲೆ ಬಿಡದಿದ್ದರೆ ನಡಿಗೆಯೊಂದನ್ನೇ ನಂಬದೆ ಮನೋವೈದ್ಯರನ್ನು ಕಾಣಬೇಕು. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ದೂರವಾಣಿ 14416ರಲ್ಲಿ ಉಚಿತ ಸಲಹೆ ದೊರೆಯುತ್ತದೆ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಮುಂದಿನ ಉತ್ಸವದಲ್ಲಿ ಭೇಟಿಯಾದಾಗ "ಮಗನಿಗೆ ಸಂಬಳವೆಷ್ಟು?" ಎನ್ನುವ ಬದಲು "ನಾಳೆ ಬೆಳಿಗ್ಗೆ ಜೊತೆಗೆ ನಡೆಯೋಣವೇ?" ಎಂದು ಕೇಳೋಣ. ನಮ್ಮೊಳಗಿದ್ದು ಉಸಿರಾಡಿಸುವ ಮುಖ್ಯಪ್ರಾಣದೇವರು ಸದ್ಬುದ್ಧಿಯನ್ನು ಅನುಗ್ರಹಿಸಲಿ.

ಶ್ರೀಕೃಷ್ಣಾರ್ಪಣಮಸ್ತು